ಕಾಲುಚೀಲದ ಕೊನೆಯ ನಾಲ್ಕು ಸಾಲು

1999ರ ನವೆಂಬರ್ ತಿಂಗಳಲ್ಲಿ, ಚೆನ್ನೈನ ಒಂದು ತಮಿಳು ಮಹಿಳಾ ಮಾಸಪತ್ರಿಕೆಯ ಕೈಕೆಲಸದ ಪುಟದಲ್ಲಿ, ಎಳೆ ಮಗುವಿನ ಉಣ್ಣೆ ಕಾಲುಚೀಲ ಹೆಣೆಯುವ ವಿಧಾನದ ಕೊನೆಯ ನಾಲ್ಕು ಸಾಲುಗಳನ್ನು ನಾನು ಬ್ಲೇಡಿನಿಂದ ಕತ್ತರಿಸಿ ತೆಗೆದೆ. ಅದು ಡಿಸೆಂಬರ್ ಸಂಚಿಕೆಯ ಪುಟ. ಸಂಚಿಕೆ ಅಂಗಡಿಗೆ ಬಂದ ಮೂರನೆಯ ವಾರ, ಅದನ್ನು ನೋಡಿ ಹೆಣೆದ ಕಾಲುಚೀಲ ತೊಟ್ಟಿದ್ದ ಎರಡು ತಿಂಗಳ ಹೆಣ್ಣುಮಗುವಿನ ಎಡಗಾಲಿನ ಎರಡನೆಯ ಬೆರಳಿನ ತುದಿ ಹೋಯಿತು.

ಪತ್ರಿಕೆಯಲ್ಲಿ ಯಾರಿಗೂ ಕೇಡು ಮಾಡಲಾರದ ಪುಟ ಯಾವುದಾದರೂ ಇದ್ದರೆ ಅದು ಕೈಕೆಲಸದ ಪುಟ ಎಂದುಕೊಂಡು ಈ ಕೆಲಸಕ್ಕೆ ಬರುವವರಿದ್ದಾರೆ. ನಾನೂ ಹಾಗೆಯೇ ಬಂದವನು. 1996ರಿಂದ 2006ರವರೆಗೆ, ನಡುವೆ ಹದಿನಾಲ್ಕು ತಿಂಗಳು ಬಿಟ್ಟು, ಆ ಪುಟವನ್ನು ನೋಡಿಕೊಂಡೆ. ಈಗ ಅಂಥ ಪುಟ ಮಾಡಲು ಹೊರಟ ಕಿರಿಯರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ನನ್ನ ತಂದೆ ಹಾಸನದ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಪೆರಂಬೂರಿಗೆ ಬಂದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲೂ ಶಾಲೆಯಲ್ಲೂ ತಮಿಳು. ಆ ಮಾಸಪತ್ರಿಕೆಯನ್ನು ತರುತ್ತಿದ್ದ ಸಂಸ್ಥೆಯದೇ ದಿನಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷ ಪೊಲೀಸ್ ಮತ್ತು ನ್ಯಾಯಾಲಯದ ಸುದ್ದಿ ಬರೆದೆ. ಕಾಮಾಲೆಯಾಗಿ ಆರು ತಿಂಗಳು ಮಲಗಿ ಎದ್ದಾಗ, ಬಿಸಿಲಿನಲ್ಲಿ ತಿರುಗಬಾರದು ಎಂದರು ವೈದ್ಯರು. ಸಂಸ್ಥೆ ನನ್ನನ್ನು ಮೇಲಿನ ಮಹಡಿಯಲ್ಲಿದ್ದ ಮಾಸಪತ್ರಿಕೆಗೆ ಕಳಿಸಿತು. ಅಲ್ಲಿ ಖಾಲಿ ಇದ್ದದ್ದು ಹೆಣಿಗೆ, ಕಸೂತಿ, ಕಾಗದದ ಹೂವಿನ ಪುಟ. ಪುಟಗಳನ್ನು ಅಂಟಿಸುತ್ತಿದ್ದ ಮುನುಸಾಮಿ ಮೊದಲ ದಿನವೇ ಕೇಳಿದ: "ರಾವ್ ಸಾರ್, ಕೊಲೆ ಕೇಸು ಬರೀತಿದ್ದೋರು ಇಲ್ಲಿ ಏನು ಮಾಡ್ತೀರ? ಉಣ್ಣೆ ಉಂಡೆ ಸಿಕ್ಕು ಬಿದ್ರೆ ಎಫ್‌ಐಆರ್ ಹಾಕ್ತೀರಾ?" ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು. ಅವನ ಮಾತು, ಮುಂದೆ ಬರುವ ಇನ್ನೂ ಕೆಲವರ ಮಾತು, ನಡೆದದ್ದು ತಮಿಳಿನಲ್ಲಿ. ನನಗೆ ನೆನಪಿರುವಂತೆ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಪುಟಕ್ಕೆ ಹೆಚ್ಚು ಓದುಗರನ್ನು ತಂದದ್ದು ಲೂಮ್ ಹೆಣಿಗೆ. ಲೂಮ್ ಎಂದರೆ ನೇಕಾರರ ಮಗ್ಗವೆಂದುಕೊಳ್ಳಬೇಡಿ. ಇದು ಊಟದ ತಟ್ಟೆಯಷ್ಟು ಅಥವಾ ಅದಕ್ಕಿಂತ ಚಿಕ್ಕದಾದ ಒಂದು ಬಳೆ. ಅದರ ಸುತ್ತ ಸಮ ಅಂತರದಲ್ಲಿ ನಿಂತ ಗೂಟಗಳು. ದಾರವನ್ನು ಒಂದೊಂದು ಗೂಟಕ್ಕೂ ಒಳಗಿನಿಂದ ಹೊರಕ್ಕೆ ಸುತ್ತುತ್ತ ಬಳೆಯನ್ನು ಒಂದು ಸಲ ಬಳಸಿ ಬರಬೇಕು. ಇನ್ನೊಂದು ಸಲ ಬಳಸಬೇಕು. ಈಗ ಪ್ರತಿ ಗೂಟದ ಮೇಲೂ ಎರಡು ಕುಣಿಕೆಗಳು. ಕೆಳಗಿನ ಕುಣಿಕೆಯನ್ನು ಕೊಕ್ಕೆಯಿಂದ ಎತ್ತಿ, ಮೇಲಿನದನ್ನು ದಾಟಿಸಿ, ಗೂಟದ ತಲೆಯ ಮೇಲಿಂದ ಒಳಕ್ಕೆ ಬಿಡಬೇಕು. ಒಂದು ಸುತ್ತು ಮುಗಿಯಿತು. ಹೆಣೆದದ್ದು ಬಳೆಯ ನಡುವಿನ ತೂತಿನಿಂದ ಚೀಲದ ಹಾಗೆ ಕೆಳಗಿಳಿಯುತ್ತದೆ. ಎರಡು ಕಡ್ಡಿ ಹಿಡಿದು ಹೆಣೆಯಲು ಬಾರದವರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಹೊಸಬರು ಮಾಡುವ ತಪ್ಪು ಒಂದೇ, ದಾರವನ್ನು ಬಿಗಿಯಾಗಿ ಎಳೆಯುವುದು. ಆಗ ಕೊಕ್ಕೆ ಕುಣಿಕೆಯೊಳಗೆ ಹೋಗುವುದಿಲ್ಲ, ಗೂಟ ಮುರಿಯುತ್ತದೆ.

ಚೆನ್ನೈನಲ್ಲಿ ಉಣ್ಣೆ ಯಾರಿಗೆ ಬೇಕು ಎಂದು ನನಗೂ ಅನ್ನಿಸಿತ್ತು. ಬೇಕಿತ್ತು. ಡಿಸೆಂಬರ್ ನಡುವೆ ಶುರುವಾಗುವ ಮಾರ್ಗಳಿ ತಿಂಗಳ ಬೆಳಗಿನ ಭಜನೆಗೆ ಹೋಗುವ ಗಂಡಸರಿಗೆ ಕಿವಿ ಮುಚ್ಚುವ ಟೋಪಿ, ಕೊರಳಿಗೆ ಮಫ್ಲರ್. ಬಾಣಂತಿ ಇರುವ ಮನೆಯಲ್ಲಿ ಮಗುವಿಗೆ ಟೋಪಿ, ಕೈಗವಸು, ಕಾಲುಚೀಲ. ಹೊರಗೆ ಎಷ್ಟೇ ಸೆಕೆ ಇರಲಿ, ಎಳೆ ಮಗುವಿನ ತಲೆ ಮತ್ತು ಪಾದ ಮುಚ್ಚಿರಬೇಕು ಎಂಬುದು ಆ ಊರಿನ ಅಜ್ಜಿಯರ ಕಟ್ಟಳೆ.

ನನ್ನ ಮೊದಲ ತಪ್ಪು ನಗೆಯಲ್ಲಿ ಮುಗಿಯಿತು. ದೊಡ್ಡವರ ಟೋಪಿಗೆ ಮೂವತ್ತಾರು ಗೂಟ ಎಂದಿರಬೇಕಾದ ಕಡೆ ಅರವತ್ತಮೂರು ಎಂದು ಅಚ್ಚಾಯಿತು. ಅಷ್ಟು ಗೂಟದ ಲೂಮ್ ಎಲ್ಲಿಯೂ ಸಿಗುತ್ತಿರಲಿಲ್ಲ. ಕೊಳತ್ತೂರಿನ ಒಬ್ಬ ಓದುಗಳು ಗಂಡನ ಕೈಯಲ್ಲಿ ಹಲಗೆಯ ಬಳೆ ಕೊಯ್ಯಿಸಿ, ಅರವತ್ತಮೂರು ಮೊಳೆ ಹೊಡೆಸಿ, ಟೋಪಿ ಹೆಣೆದು, ಕಚೇರಿಗೆ ಅಂಚೆಯಲ್ಲಿ ಕಳಿಸಿದಳು. ಜೊತೆಗೊಂದು ಚೀಟಿ: "ನಮ್ಮವರ ತಲೆಗೆ ಹಾಕಿ ನೋಡಿದೆ. ಭುಜದವರೆಗೆ ಇಳಿಯಿತು. ಮುಖ ಕಾಣದೆ ಮನೆ ನೆಮ್ಮದಿಯಾಗಿತ್ತು. ಆದರೂ ತಿಳಿಸಿರಿ, ಇದು ಸರಿಯೇ?" ಮುನುಸಾಮಿ ಆ ಟೋಪಿಯನ್ನು ಅಡುಗೆ ಪುಟದವರ ಮಿಕ್ಸಿಗೆ ಹೊದಿಸಿದ.

ಆಮೇಲೆ ಒಂದು ನಿಯಮ ಮಾಡಿಕೊಂಡೆ. ಯಾವುದೇ ವಿಧಾನ ಮೊದಲು ಮುನುಸಾಮಿಯ ಕೈ ದಾಟಿ ಹೋಗಬೇಕು. ಹೆಣಿಗೆ ಗೊತ್ತಿಲ್ಲದವನು ಬರೆದಷ್ಟನ್ನೇ ಓದಿ, ಬರೆದಷ್ಟನ್ನೇ ಮಾಡಿ, ವಸ್ತು ಸರಿಯಾಗಿ ಬಂದರೆ ಮಾತ್ರ ಅಚ್ಚಿಗೆ. ಅವನು ಊಟದ ನಂತರ ಮೇಜಿನ ಕೆಳಗೆ ಲೂಮ್ ಇಟ್ಟುಕೊಂಡು ಹೆಣೆಯುತ್ತಿದ್ದ. ಎಲ್ಲಿ ನಿಂತರೂ ಕೂಗುತ್ತಿದ್ದ: "ಸಾರ್, ಇಲ್ಲಿ 'ನಂತರ ಮುಗಿಸಿ' ಅಂತಿದೆ. ಹೇಗೆ ಮುಗಿಸ್ಲಿ? ನಮಸ್ಕಾರ ಹೇಳಿ ಮುಗಿಸ್ಲಾ?"

ವಿಧಾನಗಳನ್ನು ಕೊಡುತ್ತಿದ್ದವರು ಸರೋಜಮ್ಮ. ಮೈಸೂರಿನವರು, ಬ್ಯಾಂಕ್ ಗುಮಾಸ್ತರ ಹೆಂಡತಿ, ವಿಲ್ಲಿವಾಕ್ಕಂನಲ್ಲಿ ಮನೆ. ನನ್ನ ಜೊತೆ ಕನ್ನಡ, ಹಾಲಿನವನ ಜೊತೆ ತಮಿಳು, ಮಗಳ ಜೊತೆ ಎರಡೂ. ಮಗಳು ಉತ್ತರ ಕೊಡುತ್ತಿದ್ದದ್ದು ತಮಿಳಿನಲ್ಲೇ. ಅವರು ಹೆಣೆಯುವುದನ್ನು ನೋಡುತ್ತ ನಾನು ಬರೆದುಕೊಳ್ಳುತ್ತಿದ್ದೆ. ಅವರ ಕೈ ಏನು ಮಾಡುತ್ತದೆ ಎಂದು ಅವರಿಗೇ ಹೇಳಲು ಬರುತ್ತಿರಲಿಲ್ಲ. ಹಿಮ್ಮಡಿ ತಿರುಗಿಸುವಾಗ ಒಂದು ಗೂಟ ಬಿಟ್ಟು ದಾರವನ್ನು ಹಿಂದಕ್ಕೆ ತರುತ್ತಾರೆ, ಯಾಕೆ ಎಂದರೆ "ಅಯ್ಯೋ, ತೂತಾಗತ್ತಲ್ವೇನ್ರೀ" ಎನ್ನುತ್ತಿದ್ದರು. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಕೇಳಿದಂತೆ ಒಂದೊಂದಾಗಿ ಕೇಳಿ ತೆಗೆಯಬೇಕಾಗುತ್ತಿತ್ತು. "ನೀವು ಕೇಳೋ ರೀತಿಗೆ ನಾನೇ ಕದ್ದಿದೀನೇನೋ ಅನ್ಸತ್ತೆ, ರಾವ್ ಅವ್ರೆ" ಎಂದು ನಗುತ್ತಿದ್ದರು.

1999ರಲ್ಲಿ ಪತ್ರಿಕೆ ಹೊಸ ಚಂದಾದಾರರಿಗೆ ಪ್ಲಾಸ್ಟಿಕ್ ಲೂಮ್ ಉಚಿತವಾಗಿ ಕೊಡುವ ಯೋಜನೆ ತಂದಿತು. ಅಂಬತ್ತೂರಿನ ಒಂದು ಪ್ಲಾಸ್ಟಿಕ್ ಕಾರ್ಖಾನೆ ಅವನ್ನು ತಯಾರಿಸಿಕೊಟ್ಟಿತು. ಇಪ್ಪತ್ತನಾಲ್ಕು ಗೂಟದ ನೀಲಿ ಬಳೆ. ಡಿಸೆಂಬರ್ ಸಂಚಿಕೆಗೆ ಅದರಲ್ಲೇ ಮಾಡಬಹುದಾದ ಮಗುವಿನ ಕಾಲುಚೀಲ ಬೇಕು ಎಂದರು. ಸರೋಜಮ್ಮ ಎರಡು ಬಣ್ಣದ್ದು ಕೊಟ್ಟರು, ಹಳದಿಯ ಮೇಲೆ ಬಿಳಿ ಚುಕ್ಕಿ. ಎರಡು ಬಣ್ಣ ಹೆಣೆಯುವಾಗ ಉಪಯೋಗದಲ್ಲಿಲ್ಲದ ದಾರ ಗೂಟಗಳ ಹಿಂದೆ ಅಡ್ಡಲಾಗಿ ಸಾಗುತ್ತದೆ. ಹೊರಗಿನಿಂದ ಚುಕ್ಕಿ ಚೆನ್ನಾಗಿ ಕಾಣುತ್ತದೆ. ಒಳಗೆ ಆ ಅಡ್ಡ ಎಳೆಗಳು ಸಡಿಲವಾಗಿ ತೂಗುತ್ತಿರುತ್ತವೆ. ಮುನುಸಾಮಿ ಒಂದು ಜೊತೆ ಹೆಣೆದು, ಕೊನೆಯವರೆಗೂ ಮುಗಿಸಿ, ತನ್ನ ಹೆಬ್ಬೆರಳಿಗೆ ತೊಡಿಸಿ ಕಚೇರಿಯೆಲ್ಲ ತೋರಿಸಿ ಬಂದ.

ಪುಟ ಸಿದ್ಧವಾಗಿತ್ತು. ಆಗ ಅಕ್ಷರಗಳು ಬ್ರೋಮೈಡ್ ಕಾಗದದ ಪಟ್ಟಿಯಾಗಿ ಬರುತ್ತಿದ್ದವು. ಕತ್ತರಿಸಿ ಹಾಳೆಯ ಮೇಲೆ ಅಂಟಿಸಬೇಕಿತ್ತು. ಮಧ್ಯಾಹ್ನ ಮೂರಕ್ಕೆ ಪುಟ ಕೆಳಗಿನ ಅಚ್ಚುಮನೆಗೆ ಇಳಿಯಬೇಕು. ಎರಡೂವರೆಗೆ ಜಾಹೀರಾತಿನವರು ಬಂದರು. ಅಂಬತ್ತೂರಿನ ಕಾರ್ಖಾನೆಯ ಜಾಹೀರಾತು ಇದೇ ಪುಟದಲ್ಲಿ, ಇದೇ ಕಾಲುಚೀಲದ ಕೆಳಗೆ ಬರಬೇಕಂತೆ. ಅಡಿಯಲ್ಲಿ ನಾಲ್ಕು ಸಾಲಿನ ಜಾಗ ಬೇಕು.

ದಿನಪತ್ರಿಕೆಯ ವರದಿಗಾರನಿಗೆ ಮೊದಲ ವಾರ ಕಲಿಸುವ ಪಾಠ ಇದು: ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು. ಕೊನೆಯ ಪ್ಯಾರಾ ಕತ್ತರಿಸಿಕೊಳ್ಳುವುದಕ್ಕೆಂದೇ ಇರುವುದು. ಇಪ್ಪತ್ತೆರಡು ವರ್ಷ ಹಾಗೆ ಬರೆದಿದ್ದೆ, ಹಾಗೆ ಕತ್ತರಿಸಿದ್ದೆ. ಬ್ಲೇಡ್ ತೆಗೆದುಕೊಂಡೆ.

"ಸಾರ್, ಕೆಳಗಿಂದಾನಾ?" ಎಂದ ಮುನುಸಾಮಿ. "ಮೇಲೆ 'ಮಾರ್ಗಳಿ ಬಂತು, ಮಂಜು ತಂತು' ಅಂತ ನೀವು ಒಂದು ಕಥೆ ಬರ್ದಿದೀರಲ್ಲ, ಅದೂ ನಾಲ್ಕೇ ಸಾಲು."

"ಅದು ಲೀಡು. ಲೀಡ್ ತೆಗೆದರೆ ಪುಟ ಬೋಳಾಗುತ್ತೆ."

"ನೀವು ಹೇಳಿದ್ಮೇಲೆ ಸರಿ."

ನಾನು ಕತ್ತರಿಸಿದ ಸಾಲುಗಳು ಇವು: "ಕಾಲುಚೀಲವನ್ನು ಒಳಮೈ ಹೊರಗೆ ಮಾಡಿ. ಅಡ್ಡ ಎಳೆಗಳನ್ನೆಲ್ಲ ಸೂಜಿಯಿಂದ ಹೆಣಿಗೆಯೊಳಗೆ ಸೇರಿಸಿ, ಎಲ್ಲಿಯೂ ಸಡಿಲ ಎಳೆ ಬಿಡಬೇಡಿ. ಒಳಗೆ ಹತ್ತಿ ಬಟ್ಟೆಯ ಅಸ್ತರು ಹೊಲಿಯದೆ ಮಗುವಿಗೆ ತೊಡಿಸಬಾರದು. ತೊಡಿಸಿದ ಮೇಲೂ ಆಗಾಗ ಬಿಚ್ಚಿ ಬೆರಳುಗಳನ್ನು ನೋಡಿ." ಅವು ಇಲ್ಲದೆಯೂ ವಿಧಾನ ಪೂರ್ತಿಯಾದಂತೆ ಕಾಣುತ್ತಿತ್ತು. ಉಳಿದ ಕೊನೆಯ ವಾಕ್ಯ "ತುದಿಯ ದಾರ ಎಳೆದು ಗಂಟು ಹಾಕಿ, ಕಾಲುಚೀಲ ಸಿದ್ಧ" ಎಂದಿತ್ತು.

ಜನವರಿ ಮೊದಲ ವಾರ ರಾಜೇಶ್ವರಿ ಅಮ್ಮ ಕಚೇರಿಗೆ ಬಂದರು. ಅರವತ್ತರ ಆಸುಪಾಸು. ವಡಪಳನಿಯ ಒಂದು ಸ್ಟುಡಿಯೋದ ಹೊಲಿಗೆ ವಿಭಾಗದಲ್ಲಿ ಮೂವತ್ತು ವರ್ಷ ನಟನಟಿಯರ ಉಡುಪು ಹೊಲಿದವರು. ಬಟ್ಟೆಚೀಲದಿಂದ ನಮ್ಮ ಡಿಸೆಂಬರ್ ಸಂಚಿಕೆಯನ್ನೂ ಹಳದಿ ಕಾಲುಚೀಲವನ್ನೂ ತೆಗೆದು ಮೇಜಿನ ಮೇಲಿಟ್ಟರು. ಪುಟದಲ್ಲಿ ಪ್ರತಿ ವಾಕ್ಯದ ಪಕ್ಕ ಪೆನ್ಸಿಲ್ ಗುರುತು. ಒಂದು ಹಂತ ಮುಗಿದ ಮೇಲೆ ಒಂದು ಗುರುತು. ಕೊನೆಯ ವಾಕ್ಯಕ್ಕೂ ಇತ್ತು.

ಹೆರಿಗೆಗೆ ಬಂದಿದ್ದ ಮಗಳು ಕವಿತಾ, ಮಗು, ಇವರು, ಮೂವರೇ ಮನೆಯಲ್ಲಿದ್ದರು. ಕಾಲುಚೀಲ ತೊಡಿಸಿದ ಮರುದಿನ ಬೆಳಗಿನಿಂದ ಮಗು ಅಳಲು ಶುರು ಮಾಡಿತು. ಹೊಟ್ಟೆನೋವು ಎಂದು ಬಜೆ ತೇಯ್ದು ನೆಕ್ಕಿಸಿದರು. ಹಾಲು ಸೇರಲಿಲ್ಲ ಎಂದು ಮಗಳಿಗೆ ಪಥ್ಯ ಬಿಗಿಮಾಡಿದರು. ಚಳಿ ತಗಲದಿರಲಿ ಎಂದು ಕಾಲುಚೀಲ ಬಿಚ್ಚಲಿಲ್ಲ. ಸಂಜೆ ಸ್ನಾನಕ್ಕೆ ಬಿಚ್ಚಿದಾಗ ಬೆರಳು ನೇರಳೆಯಾಗಿತ್ತು. ಒಳಗಿನ ಒಂದು ಅಡ್ಡ ಎಳೆ ಎರಡು ಸುತ್ತು ಬಿಗಿದುಕೊಂಡಿತ್ತು. ಮಕ್ಕಳ ಆಸ್ಪತ್ರೆಯಲ್ಲಿ ವೈದ್ಯರು ಭೂತಗನ್ನಡಿ ಹಿಡಿದು ಎಳೆ ಕತ್ತರಿಸಿದರು. ತುದಿ ಉಳಿಯಲಿಲ್ಲ.

ರಾಜೇಶ್ವರಿ ಅಮ್ಮ ದನಿ ಏರಿಸಲಿಲ್ಲ. "ಇದರಲ್ಲಿ ನಾನು ಎಲ್ಲಿ ತಪ್ಪಿದೆ, ಸಾರ್? ಪುಸ್ತಕ ನೋಡಿ ಹೇಳಿ" ಎಂದರು.

ಸರೋಜಮ್ಮ ಹೇಳಿ ನಾನು ಬರೆದುಕೊಂಡಿದ್ದ ಮೂಲ ಪ್ರತಿಯನ್ನು ಕಪಾಟಿನಿಂದ ತೆಗೆದೆ. ಪಕ್ಕಪಕ್ಕದಲ್ಲಿಟ್ಟು ಓದಿದೆ. "ನಿಮ್ಮ ತಪ್ಪಿಲ್ಲ. ಕೊನೆಯಲ್ಲಿ ನಾಲ್ಕು ಸಾಲು ಬಿಟ್ಟುಹೋಗಿದೆ" ಎಂದೆ.

"ತಾನಾಗೇ ಬಿಟ್ಟುಹೋಯ್ತಾ?"

"ಇಲ್ಲಮ್ಮ. ನಾನು ತೆಗೆದೆ."

ಅವರು ಮೂಲ ಪ್ರತಿಯ ಆ ಸಾಲುಗಳನ್ನು ನನ್ನಿಂದ ಓದಿಸಿ ಕೇಳಿದರು. ಆಮೇಲೆ ತಮ್ಮ ಸಂಗತಿ ಹೇಳಿದರು. ಅಳಿಯನ ಮನೆಯವರು ಆಸ್ಪತ್ರೆಯಿಂದಲೇ ಮಗಳನ್ನೂ ಮಗುವನ್ನೂ ಅಂಬತ್ತೂರಿಗೆ ಕರೆದೊಯ್ದಿದ್ದರು. ಇವರು ಎರಡು ಸಲ ಹೋದರೆ ಬಾಗಿಲಿನಿಂದಲೇ ಕಳಿಸಿದ್ದರು. "ಊರಿಗೆಲ್ಲ ಹೊಲಿದುಕೊಟ್ಟವಳು, ಮೊಮ್ಮಗಳ ಬೆರಳು ತಿಂದಳು ಅಂತಾರೆ, ಸಾರ್. ನೀವು ಈಗ ಹೇಳಿದ್ದನ್ನ ಪುಸ್ತಕದಲ್ಲೇ ಹಾಕಿ. ನನ್ನ ಬಾಯಿ ಮಾತು ಯಾರೂ ನಂಬಲ್ಲ. ಅಚ್ಚಾಗಿ ಬಂದ್ರೆ ಬೀಗಿತ್ತಿಯಮ್ಮ ಓದ್ತಾರೆ. ಮಗೂನ ನೋಡಕ್ಕೆ ಬಿಡ್ತಾರೆ."

ಹಾಕುತ್ತೇನೆ ಎಂದೆ. ಅಂದು ಸಂಜೆಯೇ ವಿಲ್ಲಿವಾಕ್ಕಂಗೆ ಹೋಗಿ ಸರೋಜಮ್ಮನಿಗೆ ತಿಳಿಸಿದೆ.

"ನಿಮ್ಮ ಕೊಲೆ ಸುದ್ದಿ ಕೊನೇಲಿ ಏನಿರತ್ತೆ ರಾವ್ ಅವ್ರೆ? 'ಪೊಲೀಸರು ತನಿಖೆ ನಡೆಸುತ್ತಿದ್ದಾರೆ.' ಅದು ಹೋದ್ರೆ ಏನು, ಇದ್ರೆ ಏನು. ನಾನು ಕೊನೇಲಿ ಹಾಗೆ ಹೇಳ್ತೀನಾ? ಹೆಣಿಗೇಲಿ ಕೊನೇದೇ ಕೆಲಸ. ಮೊದಲಿಂದೆಲ್ಲ ಬರೀ ಸುತ್ತೋದು."

ಅವರು ಒಳಗೆ ಹೋಗಿ ಮಗುವಿನ ಇಬ್ಬಣ್ಣದ ಉಡುಪಿನ ವಿಧಾನಗಳಿದ್ದ ಪುಸ್ತಕ ತಂದು, ಹಾಳೆ ಹರಿದು, ಒಲೆಯ ಪಕ್ಕದ ಡಬ್ಬಕ್ಕೆ ಹಾಕಿದರು.

ನಮ್ಮ ಸಂಪಾದಕಿ ಕೆಟ್ಟವರಲ್ಲ. ನನ್ನ ಕಾಮಾಲೆಯ ಆರು ತಿಂಗಳೂ ಮನೆಗೆ ಹಣ್ಣು ಕಳಿಸಿದವರು. ತಿದ್ದುಪಡಿಯ ಕರಡು ಓದಿ ಕನ್ನಡಕ ತೆಗೆದರು.

"ಇದು ವಕೀಲರ ಕೈಗೆ ನಾವೇ ಕೊಡೋ ಕಾಗದ, ರಾವ್."

"ಆಯಮ್ಮ ವಕೀಲರ ಹತ್ರ ಹೋಗಿಲ್ಲ ಮೇಡಂ. ಅಚ್ಚು ಹಾಕಿ ಅಂತಷ್ಟೇ ಕೇಳ್ತಿದಾರೆ."

"ಇವತ್ತು ಕೇಳ್ತಾರೆ. ಆ ಜಾಹೀರಾತಿನ ಕಾರ್ಖಾನೆಯವರು ನಾಳೆ ಬಂದು, ನಮ್ಮ ಲೂಮಿಗೆ ಕೆಟ್ಟ ಹೆಸರು ತಂದ್ರಿ ಅಂತಾರೆ. ಒಂದು ಒಳ್ಳೆ ಸೀರೆ ತಗೊಂಡು ಹೋಗಿ, ನಮ್ಮ ಕಡೆಯಿಂದ ವಿಚಾರಿಸ್ಕೊಂಡು ಬನ್ನಿ."

"ಇನ್ನೂ ಎಷ್ಟು ಮನೇಲಿ ಆ ಕಾಲುಚೀಲ ಹೆಣೀತಿದಾರೋ ಗೊತ್ತಿಲ್ಲ."

"ಚಳಿ ಮುಗೀತಲ್ಲ. ಇನ್ಯಾರು ಹೆಣೀತಾರೆ?" ಎಂದು ಕನ್ನಡಕ ಹಾಕಿಕೊಂಡರು.

ಆ ವಿಧಾನದ ಬಗ್ಗೆ ಸಂಶಯ ಕೇಳಿ ಬಂದಿದ್ದ ಓದುಗರ ಪತ್ರಗಳು ನನ್ನ ಕಪಾಟಿನಲ್ಲಿದ್ದವು. ಹಿಮ್ಮಡಿ ಹೇಗೆ ತಿರುಗಿಸುವುದು, ಹಳದಿ ಬದಲು ಗುಲಾಬಿ ಬಳಸಬಹುದೇ, ಇಂಥವು. ವಿಳಾಸವಿದ್ದ ಎಲ್ಲರಿಗೂ ಕಾರ್ಡು ಬರೆದು ನಾಲ್ಕು ಸಾಲುಗಳನ್ನು ತಿಳಿಸಿದೆ. ಪತ್ರ ಬರೆಯದವರ ವಿಳಾಸ ಯಾರ ಬಳಿಯೂ ಇರಲಿಲ್ಲ. ಆ ಎರಡು ತಿಂಗಳು ಬೆಳಗ್ಗೆ ಅಂಚೆ ಚೀಲವನ್ನು ನಾನೇ ಬಿಚ್ಚುತ್ತಿದ್ದೆ. ಇನ್ನೊಂದು ಮಗುವಿಗೆ ಗಾಯವಾಯಿತೆಂಬ ಪತ್ರ ಬರಲಿಲ್ಲ. ಬರಲಿಲ್ಲ ಎನ್ನುವುದಷ್ಟೇ ನನಗೆ ಗೊತ್ತು.

ಫೆಬ್ರವರಿ ಸಂಚಿಕೆ ಆಗಲೇ ಮುಗಿದಿತ್ತು. ಮಾರ್ಚ್ ಸಂಚಿಕೆಯ ಕೈಕೆಲಸದ ಪುಟದ ನೆತ್ತಿಯಲ್ಲಿ ನನ್ನ ಲೀಡ್ ಕಿತ್ತು, ಆ ಜಾಗದಲ್ಲಿ ತಿದ್ದುಪಡಿ ಹಾಕಲು ತೀರ್ಮಾನಿಸಿದೆ. ಬ್ರೋಮೈಡ್ ತೆಗೆಸಿ ತಂದೆ. ಮುನುಸಾಮಿಯ ಹೆಸರು ಇದರಲ್ಲಿ ಬರಬಾರದೆಂದು, ಟೀ ಕುಡಿದು ಬಾ ಎಂದೆ.

"ಟೀ ಬೇಡ ಸಾರ್."

"ಅರ್ಧ ಗಂಟೆ ಆಚೆ ಇರು, ಮುನುಸಾಮಿ."

"ಅದು ಏನು ಪಟ್ಟಿ ಅಂತ ನಂಗೂ ಓದಕ್ಕೆ ಬರತ್ತೆ. ಅವತ್ತು ಬ್ಲೇಡ್ ನಿಮ್ಮ ಕೈಲಿತ್ತು, ಅಂಟಿಸಿದ್ದು ನಾನು. ಇವತ್ತೂ ಗಮ್ ನಾನೇ ಹಚ್ತೀನಿ. ನೀವು ಹಚ್ಚಿದ್ರೆ ಸೊಟ್ಟ ಆಗತ್ತೆ."

ತಿದ್ದುಪಡಿ ಹೀಗಿತ್ತು: "ಡಿಸೆಂಬರ್ ಸಂಚಿಕೆಯಲ್ಲಿ ಪ್ರಕಟವಾದ ಮಗುವಿನ ಕಾಲುಚೀಲದ ವಿಧಾನದ ಕೊನೆಯ ನಾಲ್ಕು ಸಾಲುಗಳನ್ನು ಈ ಪುಟದ ಉಪಸಂಪಾದಕರು ಜಾಗಕ್ಕಾಗಿ ತೆಗೆದುಹಾಕಿದ್ದರು. ಇದರಿಂದ ಒಂದು ಮಗುವಿಗೆ ಗಾಯವಾಗಿದೆ. ಹೆಣೆದವರು ಅಚ್ಚಾದದ್ದನ್ನು ತಪ್ಪಿಲ್ಲದೆ ಅನುಸರಿಸಿದ್ದಾರೆ. ಬಿಟ್ಟ ಸಾಲುಗಳು ಕೆಳಗಿವೆ." ಕೆಳಗೆ ಸಾಲುಗಳು.

ಸಂಚಿಕೆ ಹೊರಬಿದ್ದ ದಿನ ನನ್ನಿಂದ ಪುಟವನ್ನು ಹಿಂದಕ್ಕೆ ಪಡೆದರು. ಹದಿನಾಲ್ಕು ತಿಂಗಳು ರಾಶಿಫಲದ ಕರಡು ತಿದ್ದಿದೆ. ಮುನುಸಾಮಿಗೆ ಎಚ್ಚರಿಕೆಯ ಪತ್ರ ಬಂತು. ಅವನು ಅದನ್ನು ನನಗೆ ತೋರಿಸಿ, "ಇಪ್ಪತ್ತು ವರ್ಷದಲ್ಲಿ ನನ್ನ ಹೆಸರು ಇವರು ಟೈಪ್ ಮಾಡಿದ್ದು ಇದೇ ಮೊದಲು. ಅದರಲ್ಲೂ ತಪ್ಪು ಸ್ಪೆಲಿಂಗ್" ಎಂದ.

ಮಾರ್ಚ್ ಸಂಚಿಕೆ ಹಿಡಿದು ನಾನು ಅಂಬತ್ತೂರಿಗೆ ಹೋದೆ. ಸರೋಜಮ್ಮ ತಾವೂ ಬರುತ್ತೇನೆಂದು ಹಟ ಹಿಡಿದು ಬಂದರು. ಕೈಗಾರಿಕಾ ಪ್ರದೇಶದ ಹಿಂದಿನ ಸಾಲುಮನೆಗಳಲ್ಲಿ ಒಂದು. ಅಳಿಯ ಯಂತ್ರದ ಬಿಡಿಭಾಗಗಳನ್ನು ಅಳತೆ ನೋಡಿ ಪಾಸು ಮಾಡುವ ಕೆಲಸದವನು. ಕೂರಲು ಹೇಳಿದ, ನೀರು ಕೊಟ್ಟ. ಅವನ ತಾಯಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಒಳಕೋಣೆಯ ಪರದೆಯ ಹಿಂದೆ ಬಳೆ ಸದ್ದಾಯಿತು. ಯಾರೂ ಹೊರಗೆ ಬರಲಿಲ್ಲ.

ಅವನು ತಿದ್ದುಪಡಿಯನ್ನು ಎರಡು ಸಲ ಓದಿದ.

"ಇದನ್ನ ಬರೆದದ್ದು ಯಾರು?"

"ನಾನು."

"ಆ ಸಾಲು ತೆಗೆದದ್ದು?"

"ಅದೂ ನಾನೇ."

"ತಪ್ಪು ಮಾಡಿದೋರೇ ಸರ್ಟಿಫಿಕೇಟ್ ಕೊಡೋದು ನಮ್ಮ ಕಂಪನೀಲಿ ನಡೆಯಲ್ಲ, ಸಾರ್" ಎಂದ. ಒರಟುತನವಿರಲಿಲ್ಲ. "ಒಪ್ಕೊಂಡು ಇಲ್ಲೀವರೆಗೆ ಬಂದ್ರಲ್ಲ, ಅದು ದೊಡ್ಡದು. ಆದ್ರೆ ಅತ್ತೆ ಮೂವತ್ತು ವರ್ಷ ಬಟ್ಟೆ ಹೊಲಿದೋರು. ತೊಡಿಸೋ ಮುಂಚೆ ಒಳಗೆ ಬೆರಳು ಹಾಕಿ ನೋಡು ಅಂತ ಅವರಿಗೆ ಪುಸ್ತಕ ಹೇಳ್ಬೇಕಾ?"

ತಾಯಿ ಬಾಗಿಲಿನಿಂದಲೇ ಸೇರಿಸಿದರು: "ಅಚ್ಚು ಹಾಕಿದ್ರೆ ಬೆರಳು ಬರತ್ತಾ, ಕೇಳೋ ಅವರನ್ನ."

ಸರೋಜಮ್ಮ ತಮ್ಮ ಅರ್ಧಂಬರ್ಧ ತಮಿಳಿನಲ್ಲಿ, ಮಗುವನ್ನು ಒಂದು ಸಲ ಅಜ್ಜಿಗೆ ತೋರಿಸಬಾರದೇ ಎಂದು ಕೇಳಿದರು. "ನೀವು ಯಾರಮ್ಮ?" ಎಂದರು ಆ ತಾಯಿ. "ಹೆಣಿಗೆ ಹೇಳಿಕೊಟ್ಟವಳು." "ಓ," ಎಂದು ಅವರು ಒಳಗೆ ಹೋದರು. ಅಳಿಯ ಸಂಚಿಕೆಯನ್ನು ಮಡಿಸಿ ನನ್ನ ಕೈಗೆ ವಾಪಸು ಕೊಟ್ಟ.

ವಡಪಳನಿಗೆ ಹೋಗಿ ರಾಜೇಶ್ವರಿ ಅಮ್ಮನಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅಳಿಯನ ಮಾತನ್ನೂ ಮುಚ್ಚಿಡಲಿಲ್ಲ.

"ಅವರು ಕೇಳಿದ್ದು ನ್ಯಾಯಾನೇ, ಸಾರ್" ಎಂದರು ಅವರು. "ಒಳಗೆ ಎಳೆ ಇದ್ದದ್ದು ನಾನು ನೋಡಿದ್ದೆ. ಬಟ್ಟೆಯಾಗಿದ್ರೆ ಅಲ್ಲೇ ಕಟ್ ಮಾಡಿರ್ತಿದ್ದೆ. ಉಣ್ಣೆ ನಂಗೆ ಹೊಸದು. ಕತ್ತರಿಸಿದ್ರೆ ಪೂರ್ತಿ ಬಿಚ್ಚಿಕೊಳ್ಳತ್ತೇನೋ, ಹಾಗೇ ಬಿಡೋದೇ ಇದರ ಪದ್ಧತಿಯೇನೋ ಅಂದ್ಕೊಂಡೆ. ಸ್ಟುಡಿಯೋಲಿ ಮಾಸ್ಟರ್ ಹೇಳದೇ ಇರೋ ಹೊಲಿಗೆ ಒಂದು ಹಾಕಿದ್ರೂ ಅವತ್ತೇ ಆಚೆ. ಹೇಳಿದ್ದನ್ನ ಮಾಡು, ಹೇಳದ್ದನ್ನ ಮಾಡ್ಬೇಡ. ಅದೇ ಕೈಗೆ ಬಂದಿರೋದು."

ಮಾರ್ಚ್ ಸಂಚಿಕೆಯ ಆ ಪುಟವನ್ನು ಅವರು ಕತ್ತರಿಸಿ ಇಟ್ಟುಕೊಂಡರು. ಉಳಿದ ಪುಸ್ತಕವನ್ನು ನನಗೆ ಕೊಟ್ಟರು.

2001ರ ಮಧ್ಯದಲ್ಲಿ ಸಂಪಾದಕಿ ಬದಲಾದರು, ಪುಟ ಮತ್ತೆ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಬ್ಲೇಡು, ಗಮ್ಮು ಹೋಗಿ ಕಂಪ್ಯೂಟರ್ ಬಂದಿತ್ತು. ಇನ್ನು ಇಂಥದ್ದು ಆಗದು ಎಂದರು. ಕಂಪ್ಯೂಟರಿನಲ್ಲಿ ಚೌಕಟ್ಟಿಗೆ ಹಿಡಿಸದ ಸಾಲುಗಳನ್ನು ಯಾರೂ ಕತ್ತರಿಸಬೇಕಿಲ್ಲ, ಅವು ತಾವಾಗಿ ಮರೆಯಾಗುತ್ತವೆ. ಚೌಕಟ್ಟಿನ ಮೂಲೆಯಲ್ಲಿ ಒಂದು ಕೆಂಪು ಗುರುತು ಮಾತ್ರ ಕಾಣುತ್ತದೆ. 2003ರಲ್ಲಿ ಬಿಸಿ ಪಾತ್ರೆ ಹಿಡಿಯಲು ಹೆಣೆಯುವ ಚೌಕದ ಪುಟ ಒಂದರಲ್ಲಿ, ಒಲೆಯ ಹತ್ತಿರ ಅಕ್ರಿಲಿಕ್ ದಾರ ಬಳಸಬೇಡಿ, ಅದು ಕರಗಿ ಕೈಗೆ ಅಂಟುತ್ತದೆ ಎಂಬ ಸಾಲು ಹಾಗೆ ಮರೆಯಾಗಿತ್ತು. ಪುಟ ಹೋಗುವ ಮುಂಚೆ ಸಿಕ್ಕಿತು. ಪುಟ ಮಾಡಿದ ಹುಡುಗಿ, "ಸಾರ್, ಕೊನೇ ಸಾಲು ತಾನೇ?" ಎಂದಳು. ಅವಳನ್ನು ಕೂರಿಸಿಕೊಂಡು ಡಿಸೆಂಬರ್ ಸಂಚಿಕೆಯನ್ನೂ ಮಾರ್ಚ್ ಸಂಚಿಕೆಯನ್ನೂ ತೋರಿಸಿದೆ.

ನಾನು ಬಿಡುವವರೆಗೆ ಆ ಪುಟದಲ್ಲಿ ಪಾಲಿಸಿದ ಕ್ರಮ ಹೀಗಿತ್ತು. ಮೈಗೆ ಅಪಾಯವಾಗುವ ವಿಷಯ ಮೊದಲ ಸಾಲಿನಲ್ಲಿ, ಬೇಕಾದ ಸಾಮಗ್ರಿಗಳ ಪಟ್ಟಿಗಿಂತ ಮುಂಚೆ. ಜಾಗ ಸಾಲದಿದ್ದರೆ ಚಿತ್ರ ಚಿಕ್ಕದಾಗಬೇಕು, ಇಲ್ಲವೇ ಉಪಸಂಪಾದಕನ ಪೀಠಿಕೆ ಹೋಗಬೇಕು, ವಿಧಾನದಿಂದ ಒಂದು ಪದವೂ ಹೋಗಕೂಡದು. ಪುಟ ಸಿದ್ಧವಾದ ಮೇಲೆ, ಅಂದರೆ ಜಾಹೀರಾತು ಕೂತ ಮೇಲೆ, ಆ ಪುಟವನ್ನೇ ನೋಡಿ ಇನ್ನೊಮ್ಮೆ ಹೆಣೆಯಬೇಕು. ಹಸ್ತಪ್ರತಿ ನೋಡಿ ಹೆಣೆದದ್ದು ಲೆಕ್ಕಕ್ಕಿಲ್ಲ. ಮುನುಸಾಮಿ ನಿವೃತ್ತನಾಗುವವರೆಗೆ ಹೆಣೆದ. ಆಮೇಲೆ ನಾನು ಹೆಣೆದೆ. ಸರೋಜಮ್ಮ ಮೊಬೈಲ್ ಚೀಲ, ಮಫ್ಲರ್, ಬಾಗಿಲಿನ ತೋರಣಗಳನ್ನು ಕೊಡುತ್ತಲೇ ಇದ್ದರು. ಎಳೆ ಮಕ್ಕಳದ್ದು ಏನನ್ನೂ ಕೊಡಲಿಲ್ಲ. ಓದುಗರು ಕೇಳುತ್ತಿದ್ದರು. ಅಂಥ ಪತ್ರಗಳಿಗೆ, ಆ ವಿಭಾಗ ನಿಂತಿದೆ ಎಂದು ಉತ್ತರ ಬರೆಯುತ್ತಿದ್ದೆ.

ರಾಜೇಶ್ವರಿ ಅಮ್ಮ ವರ್ಷಕ್ಕೆ ಒಂದೆರಡು ಸಲ ಫೋನ್ ಮಾಡುತ್ತಿದ್ದರು. ಮಗಳು ಹೊರಗಿನ ಬೂತಿನಿಂದ ಯಾವಾಗಲಾದರೂ ಮಾತಾಡುತ್ತಿದ್ದಳು. ಮಗು ಹೆಜ್ಜೆ ಇಟ್ಟಿತು, ಶಾಲೆಗೆ ಸೇರಿತು, ಎರಡನೆಯ ತರಗತಿ. ಇದನ್ನೆಲ್ಲ ಅವರು ನನಗೆ ವರದಿ ಒಪ್ಪಿಸಿದಂತೆ ಹೇಳುತ್ತಿದ್ದರು. ನೋಡಿದಿರಾ ಎಂದು ಕೇಳಿದರೆ, "ಇನ್ನೂ ಇಲ್ಲ, ಸಾರ್" ಎನ್ನುತ್ತಿದ್ದರು.

ಅವರ ಕೊನೆಯ ಫೋನ್ ಬಂದದ್ದು 2009ರ ಜನವರಿಯಲ್ಲಿ. ಮಗುವಿಗೆ ಆಗ ಒಂಬತ್ತು ತುಂಬಿತ್ತು. ಹಿಂದಿನ ದಿನ ಕವಿತಾ ಗಂಡನಿಗೆ ಹೇಳದೆ ಮಗಳನ್ನು ವಡಪಳನಿಯ ಮುರುಗನ್ ಗುಡಿಗೆ ಕರೆದುಕೊಂಡು ಬಂದಿದ್ದಳು. ತಾಯಿಗೆ ಮೊದಲೇ ಸಮಯ ತಿಳಿಸಿದ್ದಳು. ರಾಜೇಶ್ವರಿ ಅಮ್ಮ ಅರ್ಧ ಗಂಟೆ ಮುಂಚೆ ಹೋಗಿ ಚಪ್ಪಲಿ ಬಿಡುವ ಕಡೆ ನಿಂತಿದ್ದರು.

"ಬಂತು, ಸಾರ್. ಚಪ್ಪಲಿ ಬಿಟ್ಟಿತು. ಕಾಲು ನೋಡಿದೆ. ನಡೆಯೋದು ಚೆನ್ನಾಗಿ ನಡೆಯತ್ತೆ."

ಮಾತಾಡಿಸಿದಿರಾ ಎಂದು ಕೇಳಿದೆ.

"ಎದುರಿಗೇ ನಿಂತಿದ್ದೆ. ಮಗು ನನ್ನ ನೋಡಿ, ಯಾರಮ್ಮ ಇವರು ಅಂತ ಕವಿತಾನ ಕೇಳಿತು. ಅವಳು, ಪಕ್ಕದ ಮನೇಲಿ ಇದ್ದೋರು ಅಂದಳು. ಮಗು ಮನೆಗೆ ಹೋಗಿ ಹೇಳಿಬಿಡತ್ತಲ್ಲ, ಅದಕ್ಕೆ. ನಾನೂ ಹೌದು ಅಂದೆ."